ಒಂದು ಮೊರ ತೌಡಿನ ಮನಶ್ಶಾಸ್ತ್ರ

ಮೈಸೂರಿನಲ್ಲಿ ಬೇಸಿಗೆಯ ತರಬೇತಿ ಮುಗಿಸಿ ಮಳವಳ್ಳಿಯಲ್ಲಿ ಬಸ್ಸಿನಿಂದ ಇಳಿದಾಗ ನನಗೆ ಒಂದು ವಿಷಯದಲ್ಲಿ ಸಂದೇಹವೇ ಇರಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಮಕ್ಕಳ ಮನಸ್ಸನ್ನು ಬಲ್ಲವನು ಇನ್ನು ನಾನೊಬ್ಬನೇ!

ಇದನ್ನು ಜಂಬದಿಂದ ಹೇಳುತ್ತಿಲ್ಲ. ಜಂಬ ಇಳಿದುಹೋಗಿ ಬಹಳ ಕಾಲವಾಯಿತು. ಆದದ್ದನ್ನು ಆದ ಹಾಗೆ, ಒಂದರ ಹಿಂದೆ ಒಂದು ಹೇಳಬೇಕೆಂದು ಹೊರಟಿದ್ದೇನೆ. ಆಗಿನ ನನ್ನ ನಂಬಿಕೆಯಿಂದ ಶುರು ಮಾಡದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಮದ್ದೂರಿನ ಬೀದಿಯಲ್ಲಿ ಆ ದಿನ ನಾನು ಓಡಾಡಿದ್ದು ನೆನಪಾದರೆ ಈಗಲೂ ಮಾತು ಅವಸರಕ್ಕೆ ಬೀಳುತ್ತದೆ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಯುದ್ಧದ ಕಾಲ. ನಾನು ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ತರಬೇತಿಯಲ್ಲಿ ನಮಗೆ ಬಾಲಮನಶ್ಶಾಸ್ತ್ರ ಹೇಳಿಕೊಟ್ಟ ಪ್ರೊಫೆಸರರು ಸೌಮ್ಯ ಮನುಷ್ಯರು. ಮಕ್ಕಳನ್ನು ಹೊಡೆಯಬೇಡಿ, ಅವರ ಮಾತು ಕೇಳಿ ಅಂದರು. ಮಗುವಿನ ನಡತೆಯಲ್ಲಿ ಏನೇ ಏರುಪೇರು ಕಂಡರೂ ಅದರ ಬೇರು ತಾಯಿಯ ಹತ್ತಿರ ಇರುತ್ತದೆ ಅಂದರು. ಮಾತಾಡಿಸುವಾಗ ಮಗುವಿಗೆ ಆಯಾಸವಾಗದಂತೆ ನೋಡಿಕೊಳ್ಳಿ ಅಂದರು. ಕೊನೆಯ ದಿನ ಕನ್ನಡಕ ಒರೆಸಿಕೊಳ್ಳುತ್ತ, "ನಮ್ಮ ಸಂಶೋಧನೆ ಪುಸ್ತಕ ಭಂಡಾರದಲ್ಲಿ ಕೂತಿದೆ, ನಿಮ್ಮ ಮಕ್ಕಳು ಹಳ್ಳಿಯಲ್ಲಿ ಕೂತಿದ್ದಾರೆ. ಎರಡನ್ನೂ ಒಂದು ಕಡೆ ತರುವವರು ನೀವೇ" ಅಂದರು. ಆ 'ನೀವೇ' ಅನ್ನುವಾಗ ಅವರು ನನ್ನನ್ನೇ ನೋಡಿದರು. ನನ್ನ ಬೆನ್ನ ಹಿಂದೆ ಒಂದು ಕಿಟಕಿ ಇತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮನೆಗೆ ಬಂದವನೇ ಹೆಂಡತಿ ಸಾವಿತ್ರಿಗೆ ಹೇಳಿದೆ: "ಇನ್ನು ಮೇಲೆ ನಾನು ಬೆತ್ತ ಹಿಡಿಯೋದಿಲ್ಲ."

"ಹಿಡಿದಾಗ ತಾನೇ ಯಾವ ಹುಡುಗ ಹೆದರಿದ್ದ?" ಅಂದಳು.

"ಹಾಗಲ್ಲ ಸಾವಿತ್ರೀ. ಮಗುವಿಗೆ ಒಳಮನಸ್ಸು ಅಂತ ಒಂದಿದೆ. ಮೇಲಕ್ಕೆ ಕಾಣೋದಿಲ್ಲ. ಬಾವಿ ಇದ್ದ ಹಾಗೆ."

"ಬಾವಿ ಅಂದದ್ದಕ್ಕೆ ಜ್ಞಾಪಕ ಬಂತು. ಹಗ್ಗ ಹರಿದಿದೆ. ಮೊದಲು ಅದನ್ನ ನೋಡಿ."

ನಮಗೆ ಮಕ್ಕಳಿರಲಿಲ್ಲ. ಮಕ್ಕಳ ಮನಸ್ಸನ್ನು ಬಲ್ಲವನೆಂಬ ನನ್ನ ನಂಬಿಕೆಗೆ ಅಡ್ಡ ಬರುವವರು ಮನೆಯಲ್ಲಿ ಯಾರೂ ಇರಲಿಲ್ಲ ಎಂದಾಯಿತು.

ಶಾಲೆ ಶುರುವಾಯಿತು. ನನಗೆ ಒಂದು 'ಕೇಸು' ಬೇಕಾಗಿತ್ತು. ಕೇಸು ಎಂದರೆ ಒಳಮನಸ್ಸಿನಲ್ಲಿ ನೋವಿರುವ ಮಗು. ನನ್ನ ತರಗತಿಯ ಹುಡುಗರೆಲ್ಲ ಅನ್ಯಾಯವಾಗಿ ಗಟ್ಟಿಮುಟ್ಟಾಗಿದ್ದರು! ಕಡೆಗೆ ಸಿಕ್ಕಿದವನು ಪಕೀರ.

ಹೆಸರು ನೋಡಿ ಮುಸಲ್ಮಾನರ ಹುಡುಗನೆಂದುಕೊಳ್ಳಬೇಡಿ. ಹಾಜರಿ ಪುಸ್ತಕದಲ್ಲಿ ಅವನು ಪಕೀರೇಗೌಡ. ಕೆರೆಯ ಹಿಂದಿನ ಕೇರಿಯ ಬೋರೇಗೌಡನ ಮಗ. ದನಿ ಆಗಷ್ಟೇ ಒಡೆಯುತ್ತಿದ್ದ ವಯಸ್ಸು. ಹಿಂದಿನ ವರ್ಷ ತರಗತಿಯಲ್ಲಿ ಅವನ ಬಾಯಿ ಮುಚ್ಚಿಸುವುದೇ ನನ್ನ ಅರ್ಧ ಉದ್ಯೋಗವಾಗಿತ್ತು. ಈ ವರ್ಷ ಮಾತೇ ಇಲ್ಲ. ಹೆಸರು ಕೂಗಿದರೆ ಎದ್ದು ನಿಲ್ಲುತ್ತಾನೆ, 'ಹಾಜರ್' ಅನ್ನುವುದಿಲ್ಲ. ಪದ್ಯ ಒಪ್ಪಿಸು ಅಂದರೆ ಗೋಡೆ ನೋಡುತ್ತಾನೆ. ಮಧ್ಯಾಹ್ನ ಬುತ್ತಿ ಬಿಚ್ಚುತ್ತಾನೆ, ನೋಡುತ್ತಾನೆ, ಮತ್ತೆ ಕಟ್ಟುತ್ತಾನೆ. ಕೆನ್ನೆ ಒಳಕ್ಕೆ ಹೋಗಿತ್ತು.

ಒಂದು ದಿನ ಬೋರೇಗೌಡನೇ ಶಾಲೆಯ ಬಾಗಿಲಿಗೆ ಬಂದ.

"ಮೇಷ್ಟ್ರೇ, ಬಾಯೇ ಬುಡದಿರೋ ಐದಂಗೆ ಇಸ್ಕೂಲ್ ಯಾಕೆ? ನಮ್ಮನೆ ಎಮ್ಮೇನೂ ಮಾತಾಡಾಕಿಲ್ಲ, ಇವ್ನೂ ಮಾತಾಡಾಕಿಲ್ಲ. ಇಬ್ರೂ ಒಂದ್ಕಡೆ ಇರ್ಲಿ ಅಂತ ಎಮ್ಮೆ ಇಂದಕ್ಕೆ ಕಳಿಸ್ಬುಡ್ತೀನಿ."

"ಸ್ವಲ್ಪ ಕಾಯಪ್ಪ. ಜಾಣ ಹುಡುಗ. ಮುಂದೆ ಮಂಡ್ಯದ ಹೈಸ್ಕೂಲಿಗೆ ಹೋಗುವವನು. ಅವನ ಒಳಮನಸ್ಸಿನಲ್ಲಿ ಏನೋ ಇದೆ."

"ಒಳಗಿರಾದು ಒರಗ್ ಬಂದಾಗ ಏಳಿ ಕಳ್ಸಿ. ದೀಪಾವಳಿಗಂಟ ನೋಡ್ತೀನಿ. ಆಮ್ಯಾಕೆ ನನ್ನ ಕೇಳಬ್ಯಾಡಿ."

ಹೀಗೆ ನನಗೆ ಕೇಸಿನ ಜೊತೆಗೆ ಗಡುವೂ ಸಿಕ್ಕಿತು.

ಒಂದು ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಪಕೀರನನ್ನು ನನ್ನ ಎದುರಿಗೆ ಕೂರಿಸಿಕೊಂಡೆ. ಪ್ರೊಫೆಸರರು ಹೇಳಿದ್ದ ಹಾಗೆಯೇ ಮೃದುವಾಗಿ, "ನಿನ್ನ ತಾಯಿಯ ವಿಷಯ ಹೇಳಪ್ಪ" ಅಂದೆ. ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಆ ಒಡಕು ದನಿಯಲ್ಲಿ ಅಂದ:

"ನಮ್ಮವ್ವ ನನ್ನ ಮಾರ್ಬುಟ್ಟವ್ಳೆ ಸಾ."

ನನಗೆ ಮೈ ಜುಮ್ಮೆಂದಿತು. ಬೇರು ಸಿಕ್ಕಿತು! ತಾಯಿಯ ಹತ್ತಿರವೇ ಸಿಕ್ಕಿತು! ಹುಡುಗನ ತುಟಿ ಮತ್ತೆ ಅಲುಗಾಡಿತು. ನಾನು ಕೈ ಎತ್ತಿ, "ಸಾಕಪ್ಪ, ಸಾಕು! ಆಯಾಸ ಮಾಡಿಕೊಳ್ಳಬೇಡ" ಅಂದೆ. ಅವನು ಬಾಯಿ ಮುಚ್ಚಿದ. ಆಮೇಲೆ ಅದು ಬಹಳ ದಿನ ತೆರೆಯಲಿಲ್ಲ.

ಮಗುವನ್ನು ಮಾರುವುದೆಂದರೇನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ, ಅದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತಾರೆ. ನೆರೆಯವಳೊಬ್ಬಳು ಬಂದು ಆ ಮೊರಕ್ಕೆ ತೌಡು ಸುರಿದು ಕೂಸನ್ನು ಕೊಂಡುಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅದು ಕೊಂಡವಳ ಮಗು. ಹೆತ್ತವಳು ಬರಿಯ ಸಾಕುವವಳು. ನನ್ನ ಸೋದರಮಾವನನ್ನೇ ಹೀಗೆ ಮಾರಿದ್ದರು. ಹೆಸರು ತಿಪ್ಪಯ್ಯ. ಹಲ್ಲೆಲ್ಲ ಬಿದ್ದಮೇಲೂ ಹುರಿಗಡಲೆ ಕುಟ್ಟಿಸಿಕೊಂಡು ತಿನ್ನುತ್ತ ಗಟ್ಟಿಯಾಗಿದ್ದರು. ಬೋರೇಗೌಡನ ಹೆಂಡತಿ ನಿಂಗಮ್ಮನಿಗೂ ಸಾಲಾಗಿ ಮಕ್ಕಳು ಹೋಗಿದ್ದವು. ಇವನು ಹುಟ್ಟಿದಾಗ ಪಕ್ಕದ ಮನೆಯ ಬೀಬಮ್ಮ ತೌಡು ಸುರಿದು ಕೊಂಡಳು. ಆಕೆಯ ಗಂಡ ಹುಸೇನ್ ಸಾಬಿ ಬಸ್ಸು ರಿಪೇರಿಯ ಮೇಸ್ತ್ರಿ. ಮುಸಲ್ಮಾನರ ಮನೆಗೆ ಮಾರಿದ್ದರಿಂದ ಪಕೀರ ಎಂಬ ಹೆಸರು.

ಇದಿಷ್ಟೂ ನನಗೆ ಗೊತ್ತಿತ್ತು. ಆದರೆ ಶಾಸ್ತ್ರ ಓದಿದವನಿಗೆ ಗೊತ್ತಿರುವುದೂ ಬೇರೆ ಥರ ಕಾಣುತ್ತದೆ! ತಾಯಿ ತನ್ನನ್ನು ಮಾರಿದಳೆಂಬ ಕೊರಗು ಹುಡುಗನ ಒಳಮನಸ್ಸನ್ನು ತಿನ್ನುತ್ತಿದೆ ಎಂದು ತೀರ್ಮಾನಿಸಿದೆ.

"ಇಷ್ಟು ವರ್ಷ ತಿನ್ನದೆ ಇದ್ದದ್ದು ಈ ವರ್ಷ ಯಾಕೆ ತಿಂತು?" ಎಂದು ಸಾವಿತ್ರಿ ಕೇಳಿದಳು.

"ವಯಸ್ಸು" ಅಂದೆ. ಮನಶ್ಶಾಸ್ತ್ರದಲ್ಲಿ ಇದಕ್ಕಿಂತ ಅನುಕೂಲವಾದ ಉತ್ತರ ಇನ್ನೊಂದಿಲ್ಲ.

ಪರಿಹಾರವೂ ಹೊಳೆಯಿತು. ಮಾರಾಟವಾದ ಮಗುವನ್ನು ತಾಯಿಗೆ ಹಿಂತಿರುಗಿಸುವುದು! ಬೀಬಮ್ಮನಿಗೆ ಅವಳ ತೌಡನ್ನು ವಾಪಸು ಕೊಡಬೇಕು. ಬೀಬಮ್ಮ ಊರಿನಲ್ಲಿಲ್ಲ, ಗಂಡನಿಗೆ ಮದ್ದೂರಿನ ಬಸ್ ಶೆಡ್ಡಿನಲ್ಲಿ ಕೆಲಸವಾಗಿ ಹೊರಟುಹೋಗಿದ್ದಾಳೆ. ಹೋಗಲಿ, ತತ್ವ ಮುಖ್ಯ. ತಾಯಿಯ ಪರವಾಗಿ ನಾನೇ ತೌಡು ತಂದು ಆ ಹಳೆಯ ಮೊರಕ್ಕೆ ಸುರಿದರೆ ಲೆಕ್ಕ ಚುಕ್ತಾ ಎಂದುಕೊಂಡೆ. ಇಲ್ಲಿಯೇ ಸ್ವಲ್ಪ ನಿಂತು ನೋಡಿ. ನಾನು ನಿಲ್ಲಲಿಲ್ಲ.

ಗಿರಣಿಯಿಂದ ತೌಡು ಕಟ್ಟಿಸಿಕೊಂಡು ನಿಂಗಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದವಳು ಎದ್ದು ನಿಂತಳು.

"ನಿಂಗಮ್ಮ, ಇವನನ್ನು ಮಾರಿದ ಮೊರ ಇದೆಯೇನಮ್ಮ?"

"ಅದೆ ಬುದ್ದಿ. ಅಟ್ಟದ ಮ್ಯಾಲೆ ಮಡಗಿವ್ನಿ."

"ತಾ. ತೌಡು ತಂದಿದ್ದೀನಿ."

ಅವಳು ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡಿತು. "ನಿಜವಾಗ್ಲೂವಾ ಬುದ್ದಿ? ನಿಮ್ಮಂತೋರು ನಮ್ಮಂತೋರ ಮನೆಗೆ ಬಂದು..."

"ಇದರಲ್ಲಿ ದೊಡ್ಡಸ್ತಿಕೆ ಏನು ಬಂತು? ನನ್ನ ಕರ್ತವ್ಯ."

ಮೊರ ಇಳಿಸಿದಳು, ಒರೆಸಿದಳು, ಅರಿಶಿನ ಕುಂಕುಮ ಇಟ್ಟಳು. ಕೇರಿಯವರು ಕೂಡಿದರು. ನಾನು ಗಂಭೀರವಾಗಿ ತೌಡು ಸುರಿದೆ. ಪಕೀರ ಕಂಬಕ್ಕೆ ಒರಗಿ ನಿಂತಿದ್ದ. "ಹೇಳಮ್ಮ, ಎಲ್ಲರ ಮುಂದೆ ಹೇಳು. ಇನ್ನು ಮೇಲೆ ಇವನು ಯಾರ ಮಗ?"

"ನಿಮ್ಮ ಮಗ ಬುದ್ದಿ!" ಎಂದು ನಿಂಗಮ್ಮ ನನ್ನ ಕಾಲಿಗೆ ಬಿದ್ದಳು.

ವಿನಯ ಎಂದುಕೊಂಡೆ. ಮೇಷ್ಟರಿಗೆ 'ನಿಮ್ಮ ಮಗ ಅನ್ಕೊಂಡು ಬುದ್ಧಿ ಹೇಳಿ' ಎನ್ನದ ತಂದೆತಾಯಿ ನಮ್ಮ ಕಡೆ ಯಾರಿದ್ದಾರೆ? ಪ್ರಯೋಗ ಸಫಲವಾಯಿತೆಂದು ಸಂತೋಷದಿಂದ ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಸಾವಿತ್ರಿ ಸೊಪ್ಪಿನವಳ ಹತ್ತಿರ ಮಾತಾಡಿ ಒಳಗೆ ಬಂದಳು. ಮುಖದಲ್ಲಿ ಒಂದು ವಿಚಿತ್ರವಾದ ಶಾಂತಿ.

"ಏನೂಂದ್ರೇ, ನಿಮಗೆ ಗಂಡು ಮಗುವಂತೆ."

"ಏನಂದೆ?"

"ಊರೆಲ್ಲ ಹೇಳ್ತಿದೆಯಂತೆ. ನನಗೇ ಗೊತ್ತಿಲ್ಲ!"

ನಾನು ಬಾಗಿಲಿಗೆ ಬಂದು ನೋಡಿದರೆ ನಿಂಗಮ್ಮ ನಿಂತಿದ್ದಾಳೆ. ಪಕ್ಕದಲ್ಲಿ ಪಕೀರ, ಕಂಕುಳಲ್ಲಿ ಬಟ್ಟೆಯ ಗಂಟು. "ಕೊಂಡೋರ ಮನೇಲಿ ವಸಿ ದಿನ ಉಣ್ಬೇಕಲ್ವಾ ಬುದ್ದಿ, ಅದ್ಕೇ ಕರ್ಕಬಂದೆ" ಅಂದಳು.

ಆಗ, ಆಗ ಮಾತ್ರ, ನನಗೆ ತಿಳಿಯಿತು. ಕೂಸನ್ನು ಬಿಡಿಸಿಕೊಳ್ಳುವುದಾದರೆ ತೌಡು ಬೀಬಮ್ಮನ ಕೈ ಸೇರಬೇಕಿತ್ತು. ಹೆತ್ತವಳ ಮೊರಕ್ಕೆ ತೌಡು ಸುರಿಯುವವನು ಬಿಡಿಸುವವನಲ್ಲ, ಕೊಳ್ಳುವವನು! ನಾನು ಶಾಸ್ತ್ರೋಕ್ತವಾಗಿ, ಸಾಕ್ಷಿಗಳ ಎದುರಿನಲ್ಲಿ, ಒಂದು ಮೊರ ತೌಡಿಗೆ ಒಬ್ಬ ಮಗನನ್ನು ಕೊಂಡುಕೊಂಡಿದ್ದೆ!

"ಅಯ್ಯೋ ನಿಂಗಮ್ಮ, ನಾನು ಅವನನ್ನು ನಿನಗೇ ವಾಪಸು ಕೊಡಿಸಿದ್ದು ಕಣಮ್ಮ. ಅವನು ನಿನ್ನ ಮಗ."

ಅವಳ ಮುಖದ ಬಣ್ಣ ಹಾರಿಹೋಯಿತು. ಹುಡುಗನ ಕಿವಿಯ ಮೇಲೆ ಕೈಯಿಟ್ಟಳು. "ಬುಡ್ತು ಅನ್ನಿ ಬುದ್ದಿ, ಬುಡ್ತು ಅನ್ನಿ! ಎಷ್ಟ್ ಮಕ್ಕಳ್ನ ಮಣ್ಣಿಗೆ ಆಕಿವ್ನಿ ನಾನು. ಯಮ ಬಂದು ಇದ್ಯಾರ ಕೂಸು ಅಂದ್ರೆ ನಂದಲ್ಲ ಅನ್ಬೇಕು. ಉಟ್ಟಿದಾಗ್ನಿಂದ ಇವ್ನ ಒಂದಪನಾದ್ರೂ ಬಾಯ್ತುಂಬ ಮಗ ಅಂದಿಲ್ಲ. ಯಾರ್ ಕೇಳುದ್ರೂ ಬೀಬಮ್ಮನ ಮಗ ಅಂತಿದ್ದೆ. ಆ ಮಾರಾಯ್ತಿ ಏಳ್ದೆ ಕೇಳ್ದೆ ಓಗ್ಬುಟ್ಲು. ಯಮಂಗೆ ಈಗ ಯಾರ್ ಎಸ್ರು ಏಳ್ಲಿ ಅಂತ ಕಣ್ಮುಚ್ಚಿಲ್ಲ ನಾನು. ನೀವು ತೌಡು ತಕ್ಕ ಬಂದಾಗ ದ್ಯಾವ್ರೇ ಬಂದಂಗಾಯ್ತು."

ನಾನು ಬಿಡ್ತು ಅಂದೆ. ಸಾವಿತ್ರಿ ನನ್ನನ್ನು ಪಕ್ಕಕ್ಕೆ ಸರಿಸಿ, ಹುಡುಗನ ಕೈಯಿಂದ ಗಂಟು ತೆಗೆದುಕೊಂಡು, "ಬಾರಪ್ಪ ಒಳಗೆ. ನಿಮ್ಮಪ್ಪ ಹೀಗೇ. ಅಭ್ಯಾಸವಾಗುತ್ತೆ" ಅಂದಳು. ಜಗಲಿಯಲ್ಲಿ ಎಲೆ ಹಾಕುತ್ತಾಳೆಂದುಕೊಂಡೆ. ನಡುಮನೆಯಲ್ಲಿ, ನನ್ನ ಪಕ್ಕದಲ್ಲಿ ಹಾಕಿದಳು.

ಮನೆಯಲ್ಲೇ ಕೇಸು ಸಿಕ್ಕಿದ ಮೇಲೆ ನಾನು ಸುಮ್ಮನಿರುವುದುಂಟೇ? ನಿಂಗಮ್ಮನ ಮಾತು ನನ್ನನ್ನು ಕುಟುಕಿತ್ತು, ನಿಜ. ಆದರೂ 'ತಾಯಿ ಒಮ್ಮೆಯೂ ಮಗನೆಂದು ಕರೆದಿಲ್ಲ' ಎಂದು ಬರೆದುಕೊಂಡೆ, ಅಡಿಗೆರೆಯನ್ನೂ ಎಳೆದೆ. ಹುಡುಗ ಸಾವಿತ್ರಿಗೆ ನೀರು ಸೇದಿಕೊಡುತ್ತಿದ್ದ, ಹಸುವಿಗೆ ಹುಲ್ಲು ಹಾಕುತ್ತಿದ್ದ, ಬಡಿಸಿದ್ದರಲ್ಲಿ ಅರ್ಧ ಉಣ್ಣುತ್ತಿದ್ದ. ಮಾತು ಮಾತ್ರ ಇಲ್ಲ. ಸಂಜೆ ಮದ್ದೂರಿನ ಬಸ್ಸಿನ ಹಾರನ್ ಕೇಳಿಸಿತೋ, ಇದ್ದ ಕೆಲಸ ಬಿಟ್ಟು ಎದ್ದು ರಸ್ತೆಗೆ ಹೋಗಿ ನಿಲ್ಲುತ್ತಿದ್ದ. ಇಳಿದವರನ್ನೆಲ್ಲ ನೋಡಿ ವಾಪಸು ಬರುತ್ತಿದ್ದ.

"ವಾಹನದ ಭಯ" ಎಂದು ನಾನು ಸಾವಿತ್ರಿಗೆ ವಿವರಿಸಿದೆ.

"ಭಯವಿದ್ದವನು ಒಳಗೆ ಓಡಿ ಬರ್ತಾನೆ. ಇವನು ಹೊರಗೆ ಓಡ್ತಾನಲ್ಲ?"

"ಅದು ಭಯದ ಎರಡನೆಯ ಘಟ್ಟ."

"ಮೂರನೆಯ ಘಟ್ಟದಲ್ಲಿ ಬಸ್ಸು ಓಡಿಸ್ತಾನೇನೋ!"

ನಾನು ಅವನನ್ನು ರಸ್ತೆಗೆ ಹೋಗದಂತೆ ತಡೆದೆ. ಆ ದಿನದಿಂದ ಬಡಿಸಿದ್ದರಲ್ಲಿ ಕಾಲು ಭಾಗ ಉಣ್ಣತೊಡಗಿದ.

ದೀಪಾವಳಿ ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಮಂಡ್ಯದಲ್ಲಿ ಉಪಾಧ್ಯಾಯರ ಸಭೆಯೆಂದೂ ನಮ್ಮ ಪ್ರೊಫೆಸರರೇ ಬರುತ್ತಾರೆಂದೂ ತಿಳಿಯಿತು. ಅನುಭವವಿದ್ದವರು ಪ್ರಬಂಧ ಓದಬಹುದಂತೆ. ನನಗಿಂತ ಅನುಭವ ಯಾರಿಗಿತ್ತು? ಅನುಭವ ನನ್ನ ಮನೆಯಲ್ಲೇ ಊಟ ಮಾಡುತ್ತಿತ್ತು! 'ಮಾರಾಟವಾದ ಮಗು: ತಾಯಿಯೊಡನೆ ಪುನರ್ಮಿಲನದ ಒಂದು ಪ್ರಯೋಗ' ಎಂದು ಬರೆದೆ. ಮೊರಕ್ಕೆ ತೌಡು ಸುರಿದದ್ದರವರೆಗೆ ಬರೆದು ನಿಲ್ಲಿಸಿದೆ. ಅಲ್ಲಿಯವರೆಗೆ ಅದು ಬಹಳ ಚೆನ್ನಾಗಿತ್ತು. ಹುಡುಗನನ್ನೂ ಕರೆದೊಯ್ದರೆ ಪ್ರೊಫೆಸರರು ಅವನನ್ನು ಮಾತಾಡಿಸಿಯಾರು, ಎಮ್ಮೆಯ ಹಿಂದೆ ಹೋಗುವುದು ತಪ್ಪೀತು ಎಂಬ ಆಸೆ. ಇದೂ ನಿಜ, ಇದನ್ನು ಬಿಟ್ಟು ಹೇಳಿದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡ ಹಾಗೆ.

ನಿಂಗಮ್ಮನ ಅಪ್ಪಣೆ ಕೇಳಿದೆ. "ನನ್ನೇನ್ ಕೇಳೀರಿ? ನಿಮ್ಮ ಮಗ. ಎಲ್ಲಿಗಾರ ಕರ್ಕೊಂಡೋಗಿ" ಅಂದಳು. ಅಂದವಳು ಹುಡುಗನ ಅಂಗಿಯ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು.

ಬಸ್ಸು ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುತ್ತದೆ ಎಂದು ಕೇಳಿದ್ದೇ ತಡ, ಪಕೀರ ತಲೆ ಬಾಚಿಕೊಂಡ. ಯಾರೂ ಹೇಳದೆ! 'ಭಯ ಹತೋಟಿಗೆ ಬರುತ್ತಿದೆ' ಎಂದು ಬರೆದುಕೊಂಡೆ.

ಆಗ ಪೆಟ್ರೋಲಿಗೆ ಬರ. ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಬಸ್ಸಿನವರ ಮಾತು. ಬೆನ್ನಿಗೆ ಒಂದು ದೊಡ್ಡ ಉರಿಯುವ ಪೀಪಾಯಿ. ಒಬ್ಬ ಅದಕ್ಕೆ ಇದ್ದಿಲು ತುಂಬಿ ಗಾಳಿ ತಿರುಗಿಸುತ್ತಾನೆ. ದಿಣ್ಣೆ ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಾರೆ. ಚಿಕ್ಕರಸಿನಕೆರೆಯ ಹತ್ತಿರ ನಾನೂ ತಳ್ಳಿದೆ. ಪ್ರಬಂಧ ಓದಲೆಂದು ಹಾಕಿಕೊಂಡಿದ್ದ ಬಿಳಿ ಕೋಟು ಕಪ್ಪಾಯಿತು. ಪಕೀರ ನನ್ನ ಪಕ್ಕದಲ್ಲಿ ಎಲ್ಲರಿಗಿಂತ ಜೋರಾಗಿ ತಳ್ಳುತ್ತಿದ್ದ. ಬಸ್ಸು ಹೊರಟಾಗ ಅವನು ನಕ್ಕದ್ದನ್ನು ನೋಡಿದೆ. ನನ್ನ ಕೋಟನ್ನು ನೋಡಿ ನಕ್ಕನೆಂದುಕೊಂಡೆ.

ಮದ್ದೂರಿನಲ್ಲಿ ಬೂದಿ ತೆಗೆದು ಇದ್ದಿಲು ತುಂಬಲು ಬಸ್ಸು ನಿಂತಿತು. "ಇಲ್ಲೇ ಕೂತಿರು" ಎಂದು ಹುಡುಗನಿಗೆ ಹೇಳಿ, ಎದುರಿನ ಹೋಟೆಲಿನಲ್ಲಿ ಮುಖ ತೊಳೆದು ಕಾಫಿ ಕುಡಿದು ಬಂದೆ. ಸೀಟಿನ ಮೇಲೆ ನನ್ನ ಚೀಲವಿತ್ತು. ಚೀಲದಲ್ಲಿ ಪ್ರಬಂಧವಿತ್ತು. ಹುಡುಗನಿರಲಿಲ್ಲ.

ಬಸ್ಸಿನ ಹಿಂದೆ ನೋಡಿದೆ. ಅಡಿಯಲ್ಲಿ ಬಗ್ಗಿ ನೋಡಿದೆ. ಕಂಡಕ್ಟರನು, "ಬತ್ತೀರಾ ಇಲ್ವಾ ಮೇಷ್ಟ್ರೇ? ಒಲೆ ಆರೋಯ್ತದೆ!" ಎಂದು ಕೂಗಿದ. ನಾನು ಓಡಿದೆ. ಬಸ್ಸು ನನ್ನ ಚೀಲದ ಸಮೇತ ಹೊರಟುಹೋಯಿತು. ಪ್ರಬಂಧ ಮಂಡ್ಯಕ್ಕೆ ಹೋಯಿತು. ಹುಡುಗ ಮದ್ದೂರಿನಲ್ಲಿ ಇಳಿದಿದ್ದ. ಎರಡನ್ನೂ ಒಂದು ಕಡೆ ತರಬೇಕಾಗಿದ್ದ ನಾನು ನಡುಬೀದಿಯಲ್ಲಿದ್ದೆ.

ಒಂದು ಕಡೆ ರೈಲು ದಾರಿ, ಇನ್ನೊಂದು ಕಡೆ ಶಿಂಷಾ ಹೊಳೆ, ಆ ವರ್ಷ ದಡ ತುಂಬಿದ ನೀರು. ಮೊದಲು ರೈಲು ಗೇಟಿಗೆ ಹೋದೆ. ಅಲ್ಲಿಂದ ಹೊಳೆಗೆ ಹೋದೆ. ಬಟ್ಟೆ ಒಗೆಯುವವರನ್ನು ಕೇಳಿದೆ; ಯಾರೂ ನೋಡಿರಲಿಲ್ಲ. ಆ ಕೆಂಪು ನೀರನ್ನು ನೋಡುತ್ತ ನಿಂತಾಗ ನಿಂಗಮ್ಮ ಗುಂಡಿ ಹಾಕಿ ಬಿಚ್ಚಿ ಹಾಕಿದ ಬೆರಳುಗಳು ಕಣ್ಣಿಗೆ ಬಂದವು. ಯಮ ಬಂದು ಇದು ಯಾರ ಕೂಸು ಎಂದು ಕೇಳಿದರೆ ಅವಳು ಮೇಷ್ಟರ ಮಗ ಎನ್ನುತ್ತಾಳೆ. ನನ್ನನ್ನು ಕೇಳಿದರೆ ನಾನು ಯಾರ ಹೆಸರು ಹೇಳಲಿ? ನಾನು ಕಲಿತ ಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ದಡದ ಕಲ್ಲಿನ ಮೇಲೆ ಕೂತುಬಿಟ್ಟೆ.

ಎಷ್ಟು ಹೊತ್ತು ಕೂತೆನೋ. ಎದ್ದು ಮತ್ತೆ ಬಸ್ ನಿಲ್ಲುವ ಕಡೆಗೇ ಬಂದೆ. ಜಟಕಾದವನೊಬ್ಬ ಕುದುರೆಗೆ ಹುಲ್ಲು ಹಾಕುತ್ತಿದ್ದ. "ಒಬ್ಬ ಹುಡುಗನನ್ನು ನೋಡಿದೆಯೇನಪ್ಪ? ತೆಳ್ಳಗಿದ್ದಾನೆ, ಮಾತಾಡೋದಿಲ್ಲ."

"ಮಾತಾಡದೋನ್ನ ನೋಡ್ಲಿಲ್ಲ ಸಾಮಿ. ಒಬ್ಬ ಐದ ಬಸ್ ಮೇಸ್ತ್ರಿ ಮನೆ ಎಲ್ಲಿ, ಎಲ್ಲಿ ಅಂತ ನನ್ ತಲೆ ತಿಂದೋದ. ಅವ್ನಂತೂ ಮೂಗ ಅಲ್ಲ ಬುಡಿ!"

ಶೆಡ್ಡಿನ ಹಿಂದಿನ ಓಣಿಗೆ ಓಡಿದೆ. ಹಂಚಿನ ಮನೆಯೊಂದರಿಂದ ದನಿ ಕೇಳಿಸಿತು. ಒಡಕು ದನಿ. ಮಾತಿನ ಮೇಲೆ ಮಾತು, ನಡುವೆ ರೊಟ್ಟಿ ಜಗಿಯುವ ಶಬ್ದ. ನಾನು ಗೋಡೆ ಹಿಡಿದು ನಿಂತೆ.

"...ಮೇಷ್ಟ್ರು ನಿನ್ನ ತಾಯಿ ವಿಷ್ಯ ಏಳಪ್ಪ ಅಂದ್ರಾ? ನಮ್ಮವ್ವ ಮಾರ್ಬುಟ್ಟವ್ಳೆ ಅಂದೆ. ಕೊಂಡ್ಕೊಂಡೋಳೂ ಬುಟ್ಟೋಗವ್ಳೆ ಅನ್ನಾನ ಅಂತ ಬಾಯ್ ತಗುದ್ರೆ, 'ಸಾಕಪ್ಪ, ಸಾಕು! ಆಯಾಸ ಮಾಡಿಕೊಳ್ಳಬೇಡ' ಅಂದ್ಬುಟ್ರು ಕಣ್ ಬೀಬಮ್ಮ. ನಂಗೇನಾಯಾಸ? ಅವ್ರಿಗಾಗಿತ್ತೇನೋ!"

ನನ್ನ ದನಿಯನ್ನು ಅವನು ಎಷ್ಟು ಚೆನ್ನಾಗಿ ಅನುಕರಿಸಿದನೆಂದರೆ ನನಗೇ ಕೈ ಎತ್ತಬೇಕೆನಿಸಿತು. ನಾನು ಕೇಳದೆ ಬಿಟ್ಟ ಅರ್ಧ ಮಾತು ಹೀಗೆ, ಇನ್ನೊಬ್ಬರ ಮನೆಯ ಗೋಡೆಯ ಆಚೆಯಿಂದ ನನ್ನ ಕಿವಿಗೆ ಬಿತ್ತು.

ಬಾಗಿಲಲ್ಲಿ ನೆರಳು ಕಂಡು ಬೀಬಮ್ಮ ಸೆರಗು ಎಳೆದುಕೊಂಡು ಎದ್ದಳು. "ಅರೆ, ಮೇಷ್ಟ್ರು! ಬನ್ನಿ, ಬನ್ನಿ. ಏನು ಇಷ್ಟು ಕಪ್ಪಾಗಿದ್ದೀರಿ?"

ನಾನು ಕೂತೆ. ನೀರು ಕೊಟ್ಟಳು, ಕುಡಿದೆ. ಆಮೇಲೆ ಕೇಳಿದೆ: "ಹೇಳದೆ ಯಾಕೆ ಬಂದುಬಿಟ್ಟೆಯಮ್ಮ?"

"ಕೊಂಡ ಮಗೂಗೆ ಹೋಗ್ತೀನಿ ಅನ್ನಬಾರದಂತೆ ಮೇಷ್ಟ್ರೇ. ನಮ್ಮತ್ತೆ ಹೇಳ್ತಿದ್ರು. ಹೋಗ್ತೀನಿ ಅಂದ್ರೆ ಬಿಟ್ಟುಕೊಟ್ಟಂಗೆ. ಅದಕ್ಕೇ ಇವನು ಸ್ಕೂಲಿಗೆ ಹೋದಾಗ ಬಸ್ಸು ಹತ್ತಿದೆ. ಇಲ್ಲೇ ಮದ್ದೂರು, ಬತ್ತಾನೆ ಅಂತ ದಿನಾ ರೊಟ್ಟಿ ಒಂದು ಜಾಸ್ತಿ ತಟ್ತಿದ್ದೆ."

"ನೀನೇ ಬತ್ತೀಯ ಅಂತ ನಾನು ದಿನಾ ಬಸ್ ನೋಡ್ತಿದ್ದೆ" ಅಂದ ಪಕೀರ. ಅಂದವನು ಮುಖ ತಿರುಗಿಸಿಕೊಂಡು ರೊಟ್ಟಿ ಮುರಿದ.

ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು. ಆಮೇಲೆ ಬೀಬಮ್ಮ ನನ್ನನ್ನು ಒಂದು ಥರ ನೋಡಿದಳು. ಸಂತೆಯಲ್ಲಿ ಒಳ್ಳೆಯ ಕರುವಿನ ಒಡೆಯನನ್ನು ನೋಡುವ ಹಾಗೆ. "ನೀವು ಕೊಂಡ್ಕೊಂಡಿದ್ದೀರಂತೆ. ಒಂದು ಮಾತು ಹೇಳಿ ಮೇಷ್ಟ್ರೇ. ವಾಪಸ್ ಕೊಡ್ತೀರಾ?"

ಹುಡುಗ ಜಗಿಯುವುದನ್ನು ನಿಲ್ಲಿಸಿದ. ನನಗೆ ಸಾವಿತ್ರಿ ನಡುಮನೆಯಲ್ಲಿ ಹಾಕಿದ ಎಲೆ ನೆನಪಾಯಿತು.

"ಕೊಡ್ತೀನಮ್ಮ" ಅಂದೆ.

ಮೇಕೆಗೆಂದು ಇಟ್ಟಿದ್ದ ತೌಡನ್ನು ಮೊರದಲ್ಲಿ ತಂದಳು. ನನ್ನ ಹತ್ತಿರ ಮೊರವೆಲ್ಲಿ? ಹೆಗಲ ಮೇಲಿನ ಉತ್ತರೀಯ ಒಡ್ಡಿದೆ. ಸುರಿದಳು. ಪ್ರಬಂಧಕ್ಕೆಂದು ಇಸ್ತ್ರಿ ಮಾಡಿಸಿದ್ದ ಉತ್ತರೀಯ!

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಮಳವಳ್ಳಿಗೆ ಹೊರಟೆವು. ವಾರಕ್ಕೊಮ್ಮೆ ಹುಸೇನ್ ಸಾಬಿಯೇ ಅವನನ್ನು ಬಸ್ಸಿನಲ್ಲಿ ಕರೆಸಿಕೊಳ್ಳುವುದೆಂದು ಮಾತಾಯಿತು. ಪಕೀರ ದಾರಿಯುದ್ದಕ್ಕೂ ಮಾತಾಡಿದ. ಮೇಕೆಯ ವಿಷಯ, ಇಂಜಿನ್ನಿನ ವಿಷಯ, ನನ್ನ ತರಗತಿಯಲ್ಲಿ ಯಾರು ಯಾರು ನನಗೆ ಏನೇನು ಹೆಸರಿಟ್ಟಿದ್ದಾರೆಂಬ ವಿಷಯ. ನಡುವೆ ಒಮ್ಮೆ ನನಗೆ ನಿಜವಾಗಿ ಆಯಾಸವಾಯಿತು. 'ಸಾಕಪ್ಪ, ಸಾಕು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ನಿಂಗಮ್ಮ ಬಸ್ಸಿಗೆ ಬಂದು ನಿಂತಿದ್ದಳು. ಮೊದಲು ಹುಡುಗನನ್ನು ನೋಡಿದಳು, ಆಮೇಲೆ ನನ್ನ ಹೆಗಲ ಮೇಲಿನ ಗಂಟನ್ನು. ಗಂಟಿನಿಂದ ತೌಡು ಉದುರುತ್ತಿತ್ತು.

"ಮಾರುದ್ರಾ ಬುದ್ದಿ?"

"ಮಾರಿದೆ ಕಣಮ್ಮ. ಬೀಬಮ್ಮನಿಗೇ."

"ಒಳ್ಳೇದಾಯ್ತು ಬುಡಿ" ಎಂದು ಉಸಿರು ಬಿಟ್ಟಳು. ಆಮೇಲೆ ಹುಡುಗನ ತಲೆಗೆ ಮೊಟಕಿ, "ಬಾರ್ಲಾ ಬೀಬಮ್ಮನ ಮಗ್ನೇ, ಇಟ್ಟಿನ ಮುದ್ದೆ ಆರೋಯ್ತದೆ" ಅಂದಳು. ಇಷ್ಟು ಪ್ರೀತಿಯಿಂದ ಯಾರೂ ತಮ್ಮ ಮಗನನ್ನು ಇನ್ನೊಬ್ಬರ ಮಗನೆಂದು ಕರೆದದ್ದನ್ನು ನಾನು ಕೇಳಿಲ್ಲ.

ಮನೆಯಲ್ಲಿ ಸಾವಿತ್ರಿ ಬಾಗಿಲಲ್ಲೇ ಇದ್ದಳು. "ಹುಡುಗ ಎಲ್ಲಿ?"

"ಮಾರಿಬಿಟ್ಟೆ."

"ಎಷ್ಟಕ್ಕೆ?"

ಗಂಟು ಕೊಟ್ಟೆ. ಬಿಚ್ಚಿ ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿದಳು. ಆಮೇಲೆ ಕೊಟ್ಟಿಗೆಗೆ ಹೋಗಿ ತೌಡನ್ನು ಹಸುವಿನ ಮುಂದೆ ಸುರಿದು ಬಂದು, "ನಿಮ್ಮ ಮನಶ್ಶಾಸ್ತ್ರದಿಂದ ಸದ್ಯ ಹಸುವಿನ ಹೊಟ್ಟೆಯಾದರೂ ತುಂಬಿತು" ಅಂದಳು. ಹುಡುಗನಿಗೆಂದು ತೆಗೆದಿಟ್ಟಿದ್ದ ಲೋಟವನ್ನು ತೊಳೆದು, ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮೇಲಿನ ಹಲಗೆಯಲ್ಲಿ ಇಟ್ಟಳು.

ದೀಪಾವಳಿಗೆ ಮುಂಚೆಯೇ ಬೋರೇಗೌಡ ಶಾಲೆಯ ಬಾಗಿಲಿಗೆ ಬಂದ. "ಮೇಷ್ಟ್ರೇ, ಇವ್ನ ಬಾಯ್ ಮುಚ್ಚಾಕೆ ಏನಾರ ಔಸ್ದಿ ಅದಾ? ಎಮ್ಮೆ ಆಲು ಕೊಡಾಕೂ ಬುಡಾಕಿಲ್ಲ ಇವ್ನು, ಮಾತೋ ಮಾತು! ನೀವೇ ಇಸ್ಕೂಲಲ್ಲಿ ಇಟ್ಕಳಿ ಮಾರಾಯ್ರೇ" ಎಂದು ಕೈ ಮುಗಿದು ಹೋದ. ಆ ವರ್ಷ ಪಕೀರನ ಬಾಯಿ ಮುಚ್ಚಿಸುವುದು ಮತ್ತೆ ನನ್ನ ಅರ್ಧ ಉದ್ಯೋಗವಾಯಿತು. ಉಳಿದರ್ಧ ಅವನೇ ಮಾಡಿಕೊಳ್ಳುತ್ತಿದ್ದ.

ಕೊನೆಯದೊಂದು ಉಳಿದಿದೆ. ಬಸ್ಸಿನವರು ಚೀಲವನ್ನು ಮಂಡ್ಯದ ಸಭೆಗೇ ತಲುಪಿಸಿದ್ದರಂತೆ. ನಾನಿಲ್ಲದ ಕಾರಣ ಯಾರೋ ನನ್ನ ಪ್ರಬಂಧವನ್ನು ಓದಿದರಂತೆ. ಚೀಲದ ಜೊತೆಗೆ ಪ್ರೊಫೆಸರರ ಪತ್ರ ಬಂತು. ತಾಯಿ ಮಗನ ಪುನರ್ಮಿಲನ ಬಹಳ ಮನಮುಟ್ಟಿತೆಂದೂ, ಶಾಸ್ತ್ರಕ್ಕೂ ವ್ಯವಹಾರಕ್ಕೂ ನಾನು ಸೇತುವೆ ಕಟ್ಟಿದ್ದೇನೆಂದೂ, ಇಂಥ ಇನ್ನೊಂದು ಪ್ರಯೋಗ ನಡೆಸಿ ಬರೆಯಬೇಕೆಂದೂ ಅದರಲ್ಲಿತ್ತು. ನಡೆದದ್ದನ್ನು ನಡೆದ ಹಾಗೆ ಬರೆದು ಅವರಿಗೆ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಆ ಪತ್ರವನ್ನು ಬಂದ ದಿನವೇ ಸಾವಿತ್ರಿಗೆ ಓದಿ ಹೇಳಿದ್ದೆ. "ಇನ್ನೊಂದು ಪ್ರಯೋಗ ಮಾಡಬೇಕಂತೆ. ಏನು ಹೇಳ್ತೀಯ?"

"ಧಾರಾಳವಾಗಿ ಮಾಡಿ. ಹಸು ತೌಡು ಖಾಲಿ ಮಾಡಿ ಕೂತಿದೆ" ಅಂದಳು.